ನಾಟಿ ಗದ್ದೆಯ ಬೆನ್ನು, ಜಿಮ್ಮಿನ ಕನ್ನಡಿ

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಹೊನ್ನಾಳಿ ಸೀಮೆಯ ಗದ್ದೆಗಳಲ್ಲಿ ನಾಟಿ ಶುರುವಾಗುತ್ತದೆ. ಮಂಡಿ ಹೆಚ್ಚು ಮಡಚದೆ, ಸೊಂಟದಿಂದ ಬಗ್ಗಿ, ಒಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಪೈರು ಊರುತ್ತ ಹೆಣ್ಣುಮಕ್ಕಳು ಸಾಲಾಗಿ ಹಿಂದಕ್ಕೆ ಸರಿಯುತ್ತಾರೆ. ಮಧ್ಯಾಹ್ನದ ಬುತ್ತಿ ಬಿಚ್ಚುವವರೆಗೂ ಬೆನ್ನು ನೆಟ್ಟಗಾಗುವುದು ಅಪರೂಪ. ಸಂಜೆ ಅವರು ಸೊಂಟ ಹಿಡಿದುಕೊಂಡು ಮನೆ ಸೇರುವ ಹೊತ್ತಿಗೆ, ಪೇಟೆಯ ಜಿಮ್ಮಿನಲ್ಲಿ ಅವರ ಮಕ್ಕಳ ವಯಸ್ಸಿನ ಹುಡುಗರು ಕನ್ನಡಿಯ ಮುಂದೆ ನಿಂತು ತೋಳು ಉಬ್ಬಿಸುತ್ತಿರುತ್ತಾರೆ. ಊರೊಂದೇ, ದೇಹದ ಲೆಕ್ಕ ಮಾತ್ರ ಬೇರೆ ಬೇರೆ. ಜಿಮ್ಮಿನಲ್ಲಿ ಕಲಿಸುವವರು ಗದ್ದೆಯ ಬೆನ್ನನ್ನು ತಮ್ಮ ವಿದ್ಯೆಯ ವಿಷಯವೆಂದು ಎಣಿಸಿಯೇ ಇಲ್ಲ.

ಆ ಬೆನ್ನಿನಲ್ಲಿ ನಡೆಯುವುದು ಕುತೂಹಲದ ಸಂಗತಿ. ನಿಂತವರು ಮುಂದಕ್ಕೆ ಬಗ್ಗುವಾಗ ಬೆನ್ನುಮೂಳೆಯ ಎರಡೂ ಪಕ್ಕಕ್ಕೆ ಹಗ್ಗದಂತೆ ಇಳಿದಿರುವ ಸ್ನಾಯುಗಳು ಮೇಲುಮೈಯನ್ನು ಹಿಡಿದು ನಿಧಾನಕ್ಕೆ ಇಳಿಸುತ್ತವೆ. ಪೂರ್ತಿ ಬಗ್ಗಿ ಮುಗಿದ ಮೇಲೆ ಅವು ಬಹುಮಟ್ಟಿಗೆ ಸುಮ್ಮನಾಗಿಬಿಡುತ್ತವೆ. 1950ರ ದಶಕದಲ್ಲಿ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಸ್ನಾಯುಗಳ ವಿದ್ಯುತ್ ಸಂಕೇತ ಅಳೆದು ಇದನ್ನು ತೋರಿಸಿದರು. ಸ್ನಾಯು ಕೈಬಿಟ್ಟ ಭಾರವನ್ನು ಮೂಳೆಗಳನ್ನು ಬಿಗಿದಿರುವ ರಜ್ಜುಗಳೂ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳೂ ಹೊರಬೇಕಾಗುತ್ತದೆ. ರಜ್ಜುಗಳು ತಾಸುಗಟ್ಟಲೆ ಎಳೆತಕ್ಕೆ ಸಿಕ್ಕರೆ ಮೆಲ್ಲಗೆ ಜಗ್ಗುತ್ತವೆ, ಬಿಟ್ಟ ಕೂಡಲೇ ಮೊದಲಿನಂತಾಗುವುದಿಲ್ಲ. ಆದ್ದರಿಂದ ದಿನವಿಡೀ ಬಗ್ಗಿ ದುಡಿದ ಹೆಂಗಸಿಗೆ ಸಂಜೆ ಮತ್ತೆ ಬಗ್ಗುವ ವ್ಯಾಯಾಮ ಹೇಳಿಕೊಡುವುದು ಸಲ್ಲದು. ಅವಳಿಗೆ ಬೇಕಾದದ್ದು ಬದುವಿನ ಮೇಲೆ ಆಗಾಗ ನೆಟ್ಟಗೆ ನಿಂತು ಹಿಂದಕ್ಕೆ ಒಂದಿಷ್ಟು ಬಾಗುವುದು. ನಾಟಿ ಇಲ್ಲದ ತಿಂಗಳುಗಳಲ್ಲಿ ಪೃಷ್ಠದ ಮತ್ತು ತೊಡೆಯ ಹಿಂಭಾಗದ ಸ್ನಾಯುಗಳನ್ನು ಗಟ್ಟಿ ಮಾಡಿಕೊಂಡು, ಬೆನ್ನನ್ನು ಬಿಲ್ಲಾಗಿಸದೆ ಸೊಂಟದ ಕೀಲಿನಿಂದ ಮಡಚುವುದನ್ನು ರೂಢಿಸಿಕೊಳ್ಳುವುದು. ಜಿಮ್ಮಿನವರು ‘ಹಿಪ್ ಹಿಂಜ್’ ಎನ್ನುವುದು ಇದನ್ನೇ. ಭಾರ ಎತ್ತುವ ಹುಡುಗರಿಗೆ ಡೆಡ್‌ಲಿಫ್ಟ್ ಹೆಸರಿನಲ್ಲಿ ಕಲಿಸುವ ಚಲನೆಯೇ ಎಪಿಎಂಸಿಯಲ್ಲಿ ಚೀಲ ಎತ್ತುವ ಹಮಾಲರಿಗೂ ಬೇಕು.

‘ಹೊಲದಾಗೆ ದುಡಿಯೋರಿಗೆ ವ್ಯಾಯಾಮ ಯಾತಕ್ಕ್ರೀ?’ ಎಂಬ ಮಾತು ದಾವಣಗೆರೆ ಜಿಲ್ಲೆಯ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಈ ನಾಲ್ಕೂ ತಾಲ್ಲೂಕಿನಲ್ಲಿ ಕೇಳಿಬರುತ್ತದೆ. ತಳ್ಳಿಹಾಕುವ ಮಾತಲ್ಲ ಅದು. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಜೊತೆಗಾರರು ಈ ವ್ಯತ್ಯಾಸವನ್ನು ಬಹಳ ಕಾಲದಿಂದ ಅಭ್ಯಾಸ ಮಾಡುತ್ತಿದ್ದಾರೆ: ಕೆಲಸದ ಶ್ರಮ ದೀರ್ಘ, ಒಂದೇ ಭಂಗಿಯದು, ವಿಶ್ರಾಂತಿ ಕಡಿಮೆ, ದುಡಿಯುವವರ ಹಿಡಿತಕ್ಕೆ ಸಿಗದ್ದು, ವ್ಯಾಯಾಮ ಚಿಕ್ಕದು, ತುಸು ಜೋರು, ನಡುವೆ ಬಿಡುವುಳ್ಳದ್ದು. ವಿದ್ವಾಂಸರಲ್ಲಿ ಇದರ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಗದ್ದೆಯವರನ್ನೂ ಅಂಗಡಿ ಗಲ್ಲೆಯ ಮೇಲೆ ಕೂತವರನ್ನೂ ಒಂದೇ ಚಾರ್ಟಿನಿಂದ ಕುಣಿಸಬಾರದು ಎನ್ನಲು ಇಷ್ಟು ಸಾಕು. ಗಲ್ಲೆಯ ಮೇಲೆ ಕೂರುವವರ ಸಂಖ್ಯೆಯೂ ಚಿಕ್ಕದಲ್ಲ. 2024ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಂದಾಜಿನಂತೆ, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆಯಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ಕೊರತೆ ಹೆಚ್ಚು.

ಅಡಿಕೆಯ ದುಡ್ಡು ಓಡಾಡುವ ಚನ್ನಗಿರಿಯಲ್ಲಿ ಬೈಕು ಬಂದಿದೆ, ಸುಲಿಯುವ ಯಂತ್ರ ಬಂದಿದೆ. ತೋಟದ ಯಜಮಾನರ ದಿನದ ನಡಿಗೆ ಕರಗಿದೆ. ಯಂತ್ರ ಬಾರದ ಮನೆಗಳಲ್ಲಿ ಹೆಂಗಸರು ಈಗಲೂ ಮೆಟ್ಟುಕತ್ತಿಯ ಮುಂದೆ ರಾತ್ರಿಯವರೆಗೂ ಕೂತು ಸುಲಿಯುತ್ತಾರೆ. ಕುತ್ತಿಗೆ ಕೆಳಗೆ, ಭುಜ ಮುಂದೆ, ಮಣಿಕಟ್ಟಿನದು ಒಂದೇ ತಿರುವು. ಜಗಳೂರಿನ ಬೆದ್ದಲಿನಲ್ಲಿ ಈರುಳ್ಳಿ ಕೀಳುವವರು ಕುಕ್ಕರುಗಾಲಿನಲ್ಲೇ ಸಾಲು ಸಾಲು ಸರಿಯುತ್ತಾರೆ. ಪಟ್ಟಣದ ಜಿಮ್ಮಿನಲ್ಲಿ ಹಿಮ್ಮಡಿ ಎತ್ತದೆ ಪೂರ್ತಿ ಕುಕ್ಕರಿಸಲಾಗದೆ ಒದ್ದಾಡುವ ಮೂವತ್ತರ ಗುಮಾಸ್ತರಿಗೆ ಹೋಲಿಸಿದರೆ ಆ ಅಜ್ಜಿಯರ ಸೊಂಟ ಮತ್ತು ಹರಡಿನ ಕೀಲುಗಳಿಗೆ ಉಳಿದಿರುವ ಸಲೀಸು ದೊಡ್ಡದು. ಕೊರತೆಯಿರುವುದು ಬಲದಲ್ಲಿ, ವಯಸ್ಸು ಏರಿದಂತೆ ಕರಗುವ ಸ್ನಾಯುವಿನಲ್ಲಿ. ಒಬ್ಬರಿಗೆ ಕೀಲು ಸಡಿಲಿಸಬೇಕು, ಇನ್ನೊಬ್ಬರಿಗೆ ಸ್ನಾಯು ಕಟ್ಟಬೇಕು. ಯಾರಿಗೆ ಏನು ಬೇಕೆಂದು ತಿಳಿಯಬೇಕಾದರೆ ತರಬೇತುದಾರ ಮೊದಲ ದಿನ ಕೇಳಬೇಕಾದ ಪ್ರಶ್ನೆ ತೂಕದ್ದಲ್ಲ, ಕೆಲಸದ್ದು.

ಅಂಗರಚನೆಯನ್ನು ಅರೆದು ಕುಡಿದರೂ ಮೂರನೆಯ ವಾರ ಜನ ಬಾರದಿದ್ದರೆ ಏನು ಬಂತು? ಹೊಸ ವರ್ಷಕ್ಕೋ ಯುಗಾದಿಗೋ ಫೀಸು ಕಟ್ಟಿ ಸೇರಿದವರು ಹದಿನೈದು ದಿನಕ್ಕೆ ಕಾಣೆಯಾಗುವುದು ಜಿಮ್ ನಡೆಸುವ ಯಾರನ್ನು ಕೇಳಿದರೂ ಗೊತ್ತಾಗುವ ಸಂಗತಿ. ‘ಸೋಮಾರಿಗಳು’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಆದರೆ ಕಾರಣದಲ್ಲಿ ಅರ್ಧ ಸ್ನಾಯುವಿನೊಳಗೇ ಇದೆ. ಮೊದಲ ದಿನ ಅಭ್ಯಾಸವಿಲ್ಲದ ಬೈಠಕ್ ಹೊಡೆದವರಿಗೆ ಮಾರನೆಯ ದಿನಕ್ಕಿಂತ ಅದರ ಮಾರನೆಯ ದಿನ ತೊಡೆ ಹೆಚ್ಚು ನೋಯುತ್ತದೆ. ಭಾರ ತಡೆಯುತ್ತ ಸ್ನಾಯು ಉದ್ದವಾಗುವಾಗ, ಅಂದರೆ ಕೆಳಗಿಳಿಯುವಾಗ, ಆಗುವ ಸೂಕ್ಷ್ಮ ಪೆಟ್ಟಿನ ಫಲ ಅದು. ಮೂರ್ನಾಲ್ಕು ದಿನದಲ್ಲಿ ತಾನಾಗಿ ಇಳಿಯುತ್ತದೆ. ಮೊದಲೇ ಹೇಳಿದ್ದರೆ ಅದು ನಿರೀಕ್ಷಿಸಿದ ನೋವು. ಹೇಳದಿದ್ದರೆ ‘ಏನೋ ಹರೀತು’ ಎಂಬ ಭಯ, ಮನೆಯವರ ಬೈಗುಳ, ಅಲ್ಲಿಗೆ ಜಿಮ್ ಮುಕ್ತಾಯ.

ಇನ್ನೊಂದು ಕಾರಣ ಕನ್ನಡಿ. ಬಲ ಹೆಚ್ಚುವುದು ಮೊದಲು, ಗಾತ್ರ ಹೆಚ್ಚುವುದು ಆಮೇಲೆ. 1979ರಲ್ಲಿ ಮೊರಿಟಾನಿ ಮತ್ತು ಡಿ ವ್ರೀಸ್ ತೋರಿಸಿದಂತೆ, ಆರಂಭದ ವಾರಗಳ ಬಲ ಬಹುಪಾಲು ನರಮಂಡಲದ ಕಲಿಕೆ. ಇರುವ ಸ್ನಾಯುವನ್ನೇ ಮಿದುಳು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುತ್ತದೆ. ಸ್ನಾಯು ದಪ್ಪವಾಗುವುದು ವಾರಗಳ ನಂತರ. ಅಷ್ಟರಲ್ಲಿ ದಿನಾ ಕನ್ನಡಿ ನೋಡಿಕೊಂಡ ಹುಡುಗನಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಒಂದೋ ಬಿಡುತ್ತಾನೆ, ಇಲ್ಲವೇ ಪ್ರೋಟೀನ್ ಡಬ್ಬಿಗೆ ದುಡ್ಡು ಸುರಿಯುತ್ತಾನೆ. ಇದೇ ಹೊತ್ತಿನಲ್ಲಿ ತರಬೇತುದಾರ ಅವನ ಪಟ್ಟಿ ತೆಗೆದು, ಮೊದಲ ದಿನ ಎಂಟು ದಂಡ ಹೊಡೆದು ಕುಸಿದವನು ಈಗ ಹದಿನೆಂಟಕ್ಕೆ ಬಂದಿದ್ದಾನೆಂದು ತೋರಿಸಿದರೆ ಚಿತ್ರ ಬದಲಾಗುತ್ತದೆ. ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಹುಟ್ಟುವುದಕ್ಕೆ ಹೊಗಳಿಕೆಗಿಂತ ತಾನೇ ಮಾಡಿ ಕಂಡ ಗೆಲುವು ದೊಡ್ಡದೆಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಅಂಗರಚನೆ ಮತ್ತು ಮನಶ್ಶಾಸ್ತ್ರವನ್ನು ಎರಡು ಪುಸ್ತಕವಾಗಿ ಓದಿದವರಿಗೆ ಈ ಜೋಡಣೆ ಕಾಣುವುದಿಲ್ಲ. ಸ್ನಾಯು ಯಾವ ವಾರ ಏನು ಮಾಡುತ್ತದೆಂದು ಬಲ್ಲವರಿಗೇ ಆ ವಾರ ಏನು ಮಾತಾಡಬೇಕೆಂಬುದೂ ಗೊತ್ತಿರುತ್ತದೆ.

ಮಾತಿನ ರೀತಿಯೂ ವಿದ್ಯೆಯೇ. ನಾಲ್ಕು ದಿನ ತಪ್ಪಿಸಿದ ಮೇಷ್ಟ್ರನ್ನು ಬಾಗಿಲಲ್ಲೇ ‘ಏನ್ ಸಾರ್, ಹಿಂಗಾದ್ರೆ ಹೊಟ್ಟೆ ಕರಗುತ್ತಾ?’ ಎಂದು ಕೇಳಿದರೆ ಅವರು ಪರೀಕ್ಷೆ ಕೆಲಸ, ಮಳೆ, ನೆಂಟರ ಮದುವೆ ಎಂದು ಸಮರ್ಥನೆಗೆ ನಿಲ್ಲುತ್ತಾರೆ. ತಾವು ಹೇಳಿದ ನೆಪವನ್ನು ತಾವೇ ನಂಬಿಬಿಡುತ್ತಾರೆ. ‘ಬಂದ ದಿನ ಹೆಂಗಿರ್ತಿತ್ತು ಸಾರ್ ಮೈಗೆ?’ ಎಂದು ಕೇಳಿದರೆ ಬದಲಾವಣೆಯ ಕಾರಣ ಅವರ ಬಾಯಿಂದಲೇ ಹೊರಡುತ್ತದೆ. ಕುಡಿತ ಬಿಡಿಸುವ ಕೆಲಸದಲ್ಲಿ ಅಮೆರಿಕದ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದಿಟ್ಟ ಸಂದರ್ಶನ ಕ್ರಮದ ತಿರುಳು ಇದು: ವಾದಿಸಿದಷ್ಟೂ ಎದುರಿನವರು ಹಳೆಯ ಚಾಳಿಯ ವಕೀಲರಾಗುತ್ತಾರೆ. ಹಾಗೆಯೇ ಇಪ್ಪತ್ತೊಂದು ದಿನಕ್ಕೆ ರೂಢಿ ಕೂರುತ್ತದೆಂಬ ಜಾಹೀರಾತಿನ ಮಾತನ್ನು ಪಕ್ಕಕ್ಕಿಡಬೇಕು. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ತಂಡ 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೂಢಿ ಕೂರಲು ಸುಮಾರು 66 ದಿನ ಹಿಡಿಯಿತು. ಒಬ್ಬೊಬ್ಬರ ಅಂದಾಜು 18ರಿಂದ 254 ದಿನದವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಿರಲಿಲ್ಲ. ಒಂದು ದಿನ ತಪ್ಪಿತೆಂದು ವ್ರತಭಂಗವಾದವರಂತೆ ಕೈಚೆಲ್ಲುವವರಿಗೆ ಇದನ್ನು ಗಟ್ಟಿಯಾಗಿ ಹೇಳಬೇಕು.

ತಾಲ್ಲೂಕು ಕ್ರೀಡಾಂಗಣಗಳ ಬೆಳಗಿನ ನೋಟವೂ ಇಲ್ಲಿ ಪಾಠ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆ ಬಂದರೆ ಸಾಕು, ನಸುಕಿನಲ್ಲೇ ಮೈದಾನ ತುಂಬುತ್ತದೆ. ಯುವಕರಿಗೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸುವ ಗುರಿ. ಗುರಿ ಸ್ಪಷ್ಟ, ದಿನಾಂಕ ಸ್ಪಷ್ಟ, ಜೊತೆಗೆ ಓಡಲು ಗೆಳೆಯರ ದಂಡು. ರೂಢಿ ಹುಟ್ಟಲು ಬೇಕಾದದ್ದೆಲ್ಲ ಅಲ್ಲಿದೆ, ಉಳಿಯಲು ಬೇಕಾದದ್ದು ಇಲ್ಲ. ಆಯ್ಕೆ ಪಟ್ಟಿ ಪ್ರಕಟವಾದ ದಿನ ಓಟವೂ ನಿಲ್ಲುತ್ತದೆ. ಅದಕ್ಕೂ ಮುಂಚೆ, ಆರು ತಿಂಗಳ ಓಟವನ್ನು ಆರು ವಾರದಲ್ಲಿ ಓಡಲು ಹೋದವರ ಮುಂಗಾಲಿನ ಮೂಳೆ ನೋಯಲು ಶುರುವಾಗಿರುತ್ತದೆ. ಮೀನಖಂಡದ ಸ್ನಾಯು ಹೊಸ ಭಾರಕ್ಕೆ ಬೇಗ ಹೊಂದಿಕೊಂಡರೂ ಮೂಳೆ ನಿಧಾನ. ಉಸಿರು ಸಾಕಷ್ಟಿದೆಯೆಂದು ಓಟ ಹೆಚ್ಚಿಸುವ ಹುಡುಗನನ್ನು ತಡೆದು ‘ಮೂಳೆಗೆ ಇನ್ನೂ ಎರಡು ವಾರ ಕೊಡು’ ಎನ್ನುವ ಒಬ್ಬರು ಮೈದಾನದಲ್ಲಿದ್ದರೆ ಎಷ್ಟೋ ಕನಸು ಉಳಿಯುತ್ತಿತ್ತು.

ದಾವಣಗೆರೆ ಸೀಮೆ ಈ ವಿದ್ಯೆಗೆ ಹೊಸದೇನಲ್ಲ. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಸುತ್ತಲ ಊರುಗಳ ಗರಡಿ ಹುಡುಗರು ಮೈ ಹುರಿಗೊಳಿಸುತ್ತಿದ್ದ ಕಾಲವಿತ್ತು. ಗರಡಿಯಲ್ಲಿ ಹೊತ್ತು ನಿಗದಿ, ಮಟ್ಟಿಯ ಕೆಮ್ಮಣ್ಣು ಮುಟ್ಟಿ ನಮಸ್ಕರಿಸುವ ಪದ್ಧತಿ, ತಪ್ಪಿಸಿದರೆ ಕೇಳುವ ಉಸ್ತಾದರು, ಜೋಡಿಯಾಗಿ ಸೆಣಸುವ ಗೆಳೆಯ, ಎದುರಿಗೊಂದು ಜಾತ್ರೆ. ಇಂದಿನ ರೂಢಿಶಾಸ್ತ್ರದ ಸೂತ್ರಗಳೆಲ್ಲ ಹೆಸರಿಲ್ಲದೆ ಅಲ್ಲಿದ್ದವು. ಆ ಗರಡಿ ವಿದ್ಯೆಯನ್ನು ಆಧುನಿಕ ಭಾರ ಎತ್ತುವಿಕೆಯ ಜೊತೆ ಬೆಸೆದ ಕನ್ನಡಿಗ ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, 1930ರಲ್ಲಿ ‘ಮಸಲ್ ಕಲ್ಟ್’ ಬರೆದು, ಅಂಚೆಯ ಮೂಲಕ ದೂರದೂರದವರಿಗೆ ವ್ಯಾಯಾಮ ಕಲಿಸಿದವರು. ಬಾರ್‌ಬೆಲ್ಲಿನ ಪಕ್ಕದಲ್ಲೇ ಸೂರ್ಯನಮಸ್ಕಾರವನ್ನೂ ಇಟ್ಟರು. ಹೊಸತನ್ನು ಪರಿಚಿತದ ಕೈಹಿಡಿಸಿ ಒಳತರುವ ಜಾಣ್ಮೆ ಅದು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳನ್ನು ಬರೆದವರೂ ಅವರೇ. ಮೈ ಕಟ್ಟುವವರಿಗೆ ಮನುಷ್ಯರ ಒಳಗು ತಿಳಿದಿರಬೇಕೆನ್ನಲು ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ವ್ಯಾಯಾಮ ಕಲಿಸುವವರ ಅರ್ಹತೆಯ ಮಾತನ್ನೂ ಇಲ್ಲಿ ಎತ್ತಬೇಕು. 2021ರ ಅಕ್ಟೋಬರ್ 29ರಂದು, ವ್ಯಾಯಾಮ ಮುಗಿಸಿದ ಬಳಿಕ ಅಸ್ವಸ್ಥರಾಗಿ ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ನಾಡು ಬೆಚ್ಚಿತು. ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು, ಜಿಮ್‌ಗಳಿಗೆ ಮಾರ್ಗಸೂಚಿ ತರುವ ಮಾತು ಸರ್ಕಾರದಿಂದ ಬಂತು. ಕೌಶಲ ಮಂಡಳಿಯ ವ್ಯವಸ್ಥೆಯಲ್ಲಿ ಫಿಟ್‌ನೆಸ್ ತರಬೇತುದಾರರ ಹುದ್ದೆಗೆ ಅರ್ಹತೆಯ ಮಾನದಂಡವಿದೆ. ಆದರೆ ತಾಲ್ಲೂಕು ಪೇಟೆಯಲ್ಲಿ ಅಂಗಡಿ ಬಾಡಿಗೆಗೆ ಹಿಡಿದು ಡಂಬೆಲ್ ಜೋಡಿಸಿದವರನ್ನು ಆ ಅರ್ಹತೆ ತೋರಿಸೆಂದು ಕೇಳುವವರು ಕಡಿಮೆ.

ಈ ಕೊರತೆ ತುಂಬಲು ದೂರ ಹೋಗಬೇಕಿಲ್ಲ. ದಾವಣಗೆರೆಯಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು 1965ರಿಂದ ಇದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದೆರಡು ತಾಸು. ವರ್ಷಕ್ಕೆರಡು ಬಾರಿ, ವಾರವಿಡೀ, ಈ ಊರುಗಳ ತರಬೇತುದಾರರಿಗೂ ಶಾಲೆಗಳ ಪಿ.ಟಿ. ಮೇಷ್ಟ್ರುಗಳಿಗೂ ದಾವಣಗೆರೆಯಲ್ಲಿ ಅಂಗರಚನೆಯ ಪಾಠ ಏರ್ಪಡಿಸುವುದು ಜಿಲ್ಲಾಡಳಿತಕ್ಕೆ ಆಗದ ಕೆಲಸವಲ್ಲ. ಪಾಠ ಕನ್ನಡದಲ್ಲಿರಬೇಕು. ಮೀನಖಂಡ, ಹರಡು, ಕೀಲು, ರಜ್ಜು, ಸೊಂಟ ಎಂದರೆ ಕಲಿಯುವವರಿಗೂ ಅರ್ಥವಾಗುತ್ತದೆ, ಆಮೇಲೆ ಅವರಿಂದ ಕಲಿಯುವ ಹೆಂಗಸರಿಗೂ. ಜೊತೆಗೆ ಒಂದು ದಿನ ಮಾತಾಡುವ ಕಲೆಗೆ, ಒಂದು ದಿನ ಎದೆನೋವಿನ ಮುನ್ಸೂಚನೆ ಗುರುತಿಸಿ ಎದೆ ಒತ್ತುವ ತುರ್ತು ಚಿಕಿತ್ಸೆಗೆ.

ಆಮೇಲೆ ಜಿಮ್ಮಿನ ದಾಖಲೆ ಪುಸ್ತಕದಲ್ಲಿ ಹೆಸರು, ತೂಕ, ಫೀಸಿನ ಪಕ್ಕ ಇನ್ನೆರಡು ಕಾಲಂ ಎಳೆಯಬೇಕು: ಕೆಲಸ ಯಾವುದು, ಬಿಡುವು ಯಾವ ತಿಂಗಳು. ನಾಟಿ ಇರುವಾಗ ಹೊನ್ನಾಳಿಯ ಹೆಂಗಸಿಗೆ ಬದುವಿನ ಮೇಲಿನ ಐದು ನಿಮಿಷವಷ್ಟೇ. ಕೊಯ್ಲು ಮುಗಿದು ಮೈ ಹಗುರಾದ ವಾರಗಳಲ್ಲಿ ವಾರಕ್ಕೆ ಎರಡು ದಿನ ಬಲದ ಅಭ್ಯಾಸ. ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿಯವರಿಗೆ ಕುತ್ತಿಗೆ, ಭುಜ ಬಿಡಿಸುವ ಚಲನೆ. ಹೊತ್ತು ಯಾವಾಗ ಎಂದರೆ, ಒಂದು ಬುಟ್ಟಿ ಸುಲಿದು ಇನ್ನೊಂದಕ್ಕೆ ಕೈ ಹಾಕುವ ಮೊದಲು. ನ್ಯಾಮತಿಯ ಹಾಲು ಉತ್ಪಾದಕರಿಗೆ ಡೈರಿಗೆ ಹಾಲು ಹಾಕಿ ಕ್ಯಾನು ಖಾಲಿಯಾದ ಮೇಲೆ ಬೈಕು ಅಲ್ಲೇ ಬಿಟ್ಟು ಹತ್ತು ನಿಮಿಷದ ಬಿರುನಡಿಗೆ.