ತರಗತಿ ಶುರುವಾಗುವ ದಿನವೇ ಹಾಸ್ಟೆಲ್ ಬಾಗಿಲೂ ತೆರೆಯಲಿ

ಉನ್ನತ ಶಿಕ್ಷಣ ಸಚಿವರೂ ಚಿಕ್ಕಬಳ್ಳಾಪುರ ಜಿಲ್ಲಾ ಉಸ್ತುವಾರಿ ಸಚಿವರೂ ಆದ ಡಾ. ಎಂ.ಸಿ. ಸುಧಾಕರ್ ಅವರಿಗೆ,



ಪಿಯುಸಿ ಮುಗಿಸಿ ಪದವಿಗೆ ಸೇರುವ ಮಕ್ಕಳಿಗೆ ನಮ್ಮಲ್ಲಿ ಬುದ್ಧಿಮಾತಿಗೆ ಬರವಿಲ್ಲ. ಮೊದಲ ದಿನದಿಂದಲೇ ತರಗತಿ ತಪ್ಪಿಸಬೇಡಿ, ಮುಂದಿನ ಬೆಂಚಿನಲ್ಲಿ ಕೂರಿ, ಅರ್ಥವಾಗದ್ದನ್ನು ಅಂದೇ ಕೇಳಿ, ಗ್ರಂಥಾಲಯಕ್ಕೆ ಹೋಗಿ, ಒಟ್ಟಿಗೆ ಓದುವ ಗೆಳೆಯರನ್ನು ಹುಡುಕಿಕೊಳ್ಳಿ, ಹಾಸ್ಟೆಲ್‌ನಲ್ಲಿ ಹೊಂದಿಕೊಂಡು ಹೋಗಿ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಹೊಸಬರನ್ನು ಕಾಲೇಜಿಗೆ ಒಗ್ಗಿಸುವ ಒಂದು ಕಾರ್ಯಕ್ರಮವನ್ನೇ ರೂಪಿಸಿತು. ಈ ಮಾತುಗಳೆಲ್ಲ ಸರಿಯಾದವೇ. ಆದರೆ ಒಂದೊಂದನ್ನೂ ಬಿಡಿಸಿ ನೋಡಿ: ವಿದ್ಯಾರ್ಥಿ ಮೊದಲ ವಾರವೇ ಕಾಲೇಜಿರುವ ಊರಿನಲ್ಲಿ ಇದ್ದಾನೆ, ಸಂಜೆಯ ಬಸ್ಸಿಗೆ ಓಡಬೇಕಿಲ್ಲ, ರಾತ್ರಿ ಪುಸ್ತಕ ಬಿಚ್ಚಲು ಒಂದು ಜಾಗವಿದೆ ಎಂದು ಅವು ಮೊದಲೇ ಅಂದುಕೊಂಡಿವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಸೇರುವ ಹಳ್ಳಿಯ ಮಕ್ಕಳ ಪಾಲಿಗೆ ಈ ಮೂರರಲ್ಲಿ ಒಂದೂ ಖಚಿತವಲ್ಲ. ತಮ್ಮ ಮುಂದೆ ನಾನಿಡುವ ಬೇಡಿಕೆ ಒಂದೇ. ಕಾಲೇಜಿನ ಪ್ರವೇಶವೂ ವಿದ್ಯಾರ್ಥಿನಿಲಯದ ಪ್ರವೇಶವೂ ಒಂದೇ ಅರ್ಜಿಯಲ್ಲಿ ಮುಗಿಯಬೇಕು. ಮೊದಲ ತರಗತಿ ನಡೆಯುವ ದಿನವೇ ಮಗುವಿಗೆ ಊಟಕ್ಕೂ ಮಲಗಲಿಕ್ಕೂ ಜಾಗ ಸಿಗಬೇಕು.

ಈಗಿನ ವ್ಯವಸ್ಥೆಯಲ್ಲಿ ತರಗತಿ ತಮ್ಮ ಇಲಾಖೆಗೆ ಸೇರಿದ್ದು, ಹಾಸ್ಟೆಲ್ ಬೇರೆಯವರದು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯ ಸಮಾಜ ಕಲ್ಯಾಣ ಇಲಾಖೆಯದು. ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ, ಪ್ರತಿಯೊಂದಕ್ಕೂ ಬೇರೆ ಬೇರೆ ಇಲಾಖೆ. ಕಾಲೇಜಿನ ಅರ್ಜಿ ಯುಯುಸಿಎಂಎಸ್ ತಂತ್ರಾಂಶದಲ್ಲಿ, ಹಾಸ್ಟೆಲ್ ಅರ್ಜಿ ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ, ವಿದ್ಯಾರ್ಥಿವೇತನಕ್ಕೆ ಮತ್ತೊಂದು ಪೋರ್ಟಲ್. ಎಲ್ಲ ಕಡೆಯೂ ಕೇಳುವುದು ಅದೇ ಆಧಾರ್, ಅದೇ ಜಾತಿ-ಆದಾಯ ಪ್ರಮಾಣಪತ್ರ, ಅದೇ ಅಂಕಪಟ್ಟಿ. ಸೈಬರ್ ಸೆಂಟರಿನವನಿಗೆ ಪ್ರತಿ ಸಲವೂ ದುಡ್ಡು ಕೊಟ್ಟು ತುಂಬಿಸುವವರು ಕೂಲಿ ಮಾಡುವ ತಂದೆ ತಾಯಿ. ಇಷ್ಟರ ಮೇಲೆ ಹಾಸ್ಟೆಲ್ ಸೀಟು ಸಿಗಬೇಕಾದರೆ ಮೊದಲು ಕಾಲೇಜಿಗೆ ಸೇರಿರಬೇಕು. ಆಮೇಲೆ ದಾಖಲೆ ಪರಿಶೀಲನೆ, ಅಂಕ ಮತ್ತು ಮೀಸಲಾತಿಯ ಲೆಕ್ಕ, ಆಯ್ಕೆಪಟ್ಟಿ, ಬಿಟ್ಟುಹೋದವರ ಜಾಗಕ್ಕೆ ಎರಡನೆಯ ಪಟ್ಟಿ. ಅಷ್ಟರಲ್ಲಿ ಕಾಲೇಜಿನಲ್ಲಿ ಪಾಠ ಶುರುವಾಗಿರುತ್ತದೆ. ಇದಕ್ಕೆ ಯಾವ ವಾರ್ಡನ್ನರನ್ನೂ ಗುಮಾಸ್ತರನ್ನೂ ದೂರಬೇಕಿಲ್ಲ. ಒಂದು ಮುಗಿಯದೆ ಇನ್ನೊಂದು ಶುರುವಾಗದಂತೆ ನಿಯಮಗಳನ್ನೇ ಜೋಡಿಸಿಟ್ಟಿದ್ದೇವೆ.

ಈ ತಡದ ಬೆಲೆಯನ್ನು ಕಾಲೇಜಿನ ಹಾಜರಿ ಪುಸ್ತಕದಲ್ಲೇ ಲೆಕ್ಕ ಹಾಕಬಹುದು. ಒಂದು ಸೆಮಿಸ್ಟರ್ ಎಂದರೆ 90 ಬೋಧನಾ ದಿನಗಳು. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಅಂದರೆ ಇಡೀ ಸೆಮಿಸ್ಟರಿನಲ್ಲಿ ಜ್ವರ, ಮದುವೆ, ಸಾವು ನೋವು ಎಲ್ಲ ಸೇರಿ 22 ದಿನ ತಪ್ಪಿಸಬಹುದು. ಹಾಸ್ಟೆಲ್ ಪಟ್ಟಿ ಒಂದು ತಿಂಗಳು ತಡವಾಗಿ, ದೂರದ ಹಳ್ಳಿಯ ಹುಡುಗಿ ಅದಕ್ಕಾಗಿ ಮನೆಯಲ್ಲೇ ಕಾದರೆ, ವಾರಕ್ಕೆ ಆರು ದಿನದಂತೆ 25 ದಿನ ಹೋಯಿತು. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಅವಳು ಹಾಜರಾತಿ ಕೊರತೆಯ ಪಟ್ಟಿಯಲ್ಲಿರುತ್ತಾಳೆ. ಪ್ರಾಂಶುಪಾಲರು ಕನಿಕರದಿಂದ ಹಾಜರಾತಿಯನ್ನು ಸರಿಪಡಿಸಬಹುದು, ಕಳೆದ ಪಾಠವನ್ನು ಸರಿಪಡಿಸಲಾರರು. ವಾಣಿಜ್ಯದಲ್ಲಿ ಜಮಾ-ಖರ್ಚಿನ ಮೂಲ ಸೂತ್ರ, ಗಣಿತದಲ್ಲಿ ಕ್ಯಾಲ್ಕ್ಯುಲಸ್‌ನ ಮೊದಲ ವ್ಯಾಖ್ಯೆಗಳು, ಪ್ರಯೋಗಾಲಯದಲ್ಲಿ ಉಪಕರಣ ಹಿಡಿಯುವ ಕ್ರಮ, ಇವೆಲ್ಲ ಬರುವುದು ಆ ಮೊದಲ ವಾರಗಳಲ್ಲೇ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಆರು ಸೆಮಿಸ್ಟರ್‌ಗಳ ಪೈಕಿ ಮೊದಲನೆಯದೇ ಕುಸಿದರೆ, ಬಾಕಿ ಉಳಿದ ವಿಷಯಗಳು ಮುಂದಿನ ಸೆಮಿಸ್ಟರ್‌ಗಳ ಮೇಲೆ ಹೊರೆಯಾಗುತ್ತಾ ಹೋಗುತ್ತವೆ.

ಹಾಸ್ಟೆಲ್ ಸಿಗುವವರೆಗೆ ಮನೆಯಿಂದಲೇ ಓಡಾಡಲಿ ಎನ್ನುವವರು ನಮ್ಮ ಜಿಲ್ಲೆಯ ಮನೆಗಳ ಒಳಗನ್ನು ನೆನೆಯಬೇಕು. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವುದು ಮನೆಮಂದಿಯೆಲ್ಲ ಕೈ ಹಾಕಬೇಕಾದ ಕೆಲಸ. ಮರಿಹುಳು ಸಾಕುವ ಚಾಕಿಯ ದಿನಗಳು ಹೇಗೋ ಕಳೆಯುತ್ತವೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಪೊರೆ ಕಳಚಿ, ಎದ್ದ ಮೇಲೆ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹುಳು ತಿನ್ನುವುದು ಆ ಕೊನೆಯ ಏಳೆಂಟು ದಿನಗಳಲ್ಲೇ. ಸೊಪ್ಪು ಕೊಯ್ದು ತರಬೇಕು, ಹೊತ್ತು ತಪ್ಪದೆ ಹಾಕಬೇಕು, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಸಾಲ ತಂದು ಮೊಟ್ಟೆ ಮೇಯಿಸಿದ ಮನೆಯಲ್ಲಿ ಹದಿನೆಂಟರ ಮಗಳು ‘ನನಗೆ ನಾಳೆ ಆಂತರಿಕ ಪರೀಕ್ಷೆ ಇದೆ’ ಎಂದು ಕೋಣೆ ಸೇರುವಂತಿಲ್ಲ. ಸೇರಲು ಕೋಣೆಯೂ ಇರುವುದಿಲ್ಲ. ಇರುವ ಕೋಣೆಯಲ್ಲಿ ತಟ್ಟೆಗಳ ಸ್ಟ್ಯಾಂಡು ನಿಂತಿರುತ್ತದೆ. ಹೈನು ನಂಬಿದ ಮನೆಯಲ್ಲಿ ಬೆಳಗಿನ ಹಾಲು ಡೇರಿಗೆ ಹೋಗಬೇಕು, ಟೊಮೆಟೊ ಬೆಳೆದ ಮನೆಯಲ್ಲಿ ಕೊಯ್ಲಿನ ದಿನ ಕೈ ಸಾಲುವುದಿಲ್ಲ. ಈ ತಂದೆ ತಾಯಿಗಳು ಓದಿಗೆ ವಿರೋಧಿಗಳಲ್ಲ. 2011ರ ಜನಗಣತಿಯಲ್ಲಿ ಶೇ 70ರ ಆಸುಪಾಸಿನ ಸಾಕ್ಷರತೆಯೊಂದಿಗೆ ರಾಜ್ಯದ ಸರಾಸರಿಗಿಂತ ಐದಾರು ಅಂಶ ಕೆಳಗಿದ್ದ ಜಿಲ್ಲೆಯಲ್ಲಿ, ತಾವು ಕಾಣದ ಕಾಲೇಜಿಗೆ ಮಕ್ಕಳನ್ನು ಕಳಿಸುತ್ತಿರುವವರು ಅವರು. ಮಗು ಕಣ್ಣೆದುರಿಗಿದ್ದರೆ ಕೆಲಸಕ್ಕೆ ಕರೆಯುವುದು ಅನಿವಾರ್ಯ. ಹಾಸ್ಟೆಲ್ ಇಂಥ ಮಗುವಿಗೆ ಕೊಡುವ ದೊಡ್ಡ ವಸ್ತು ಹಾಸಿಗೆಯಲ್ಲ, ಓದನ್ನು ಬಿಟ್ಟು ಬೇರೆ ಕೆಲಸ ಕೇಳದ ಸಂಜೆ.

ಶಕ್ತಿ ಯೋಜನೆ ಬಂದ ಮೇಲೆ ಓಡಾಟದ ತೊಂದರೆ ಎಲ್ಲಿದೆ ಎಂಬ ಪ್ರಶ್ನೆ ಬರಬಹುದು. 2023ರ ಜೂನ್ 11ರಿಂದ ಜಾರಿಗೆ ಬಂದ ಆ ಯೋಜನೆ ಹೆಣ್ಣುಮಕ್ಕಳ ಓದಿಗೆ ದೊಡ್ಡ ಆಸರೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಅದು ಸರ್ಕಾರಿ ಸಾರಿಗೆ ಬಸ್ಸಿಗೆ ಮಾತ್ರ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಹಲವು ಮಾರ್ಗಗಳಲ್ಲಿ ಹಳ್ಳಿಗೆ ಹೋಗುವುದು ಖಾಸಗಿ ಬಸ್ಸು. ಅಲ್ಲಿ ಹುಡುಗಿಯೂ ಟಿಕೆಟ್ ಕೊಳ್ಳಬೇಕು. ಹುಡುಗರಿಗೆ ಯೋಜನೆಯೇ ಅನ್ವಯಿಸದು. ಅದಕ್ಕಿಂತ ಮುಖ್ಯವಾದುದು ಹೊತ್ತು. ಬಸ್ಸು ಉಚಿತವಾದರೆ ದುಡ್ಡು ಉಳಿಯುತ್ತದೆ, ಗಂಟೆ ಉಳಿಯುವುದಿಲ್ಲ. ಹೋಗಿ ಬರುವುದರಲ್ಲಿ ದಿನಕ್ಕೆ ಮೂರು ಗಂಟೆ ಕಳೆಯುವ ವಿದ್ಯಾರ್ಥಿ 90 ದಿನದ ಸೆಮಿಸ್ಟರಿನಲ್ಲಿ 270 ಗಂಟೆ ದಾರಿಯಲ್ಲಿರುತ್ತಾನೆ. ಸಂಜೆಯ ಪ್ರಯೋಗಾಲಯ, ಗ್ರಂಥಾಲಯ, ಆಟ, ಎನ್ನೆಸ್ಸೆಸ್, ಅಧ್ಯಾಪಕರೊಂದಿಗೆ ಐದು ನಿಮಿಷದ ಮಾತು, ಎಲ್ಲವೂ ಕೊನೆಯ ಬಸ್ಸಿನ ಸಮಯಕ್ಕೆ ಕತ್ತರಿಸಿ ಹೋಗುತ್ತವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ ಇಂತಿಷ್ಟೆಂದು ಹತ್ತು ತಿಂಗಳ ನೆರವು. ಒಳ್ಳೆಯ ಯೋಜನೆ. ಆದರೆ ಆ ಹಣ ಮಂಜೂರಾಗುವುದು ಪರಿಶೀಲನೆಯೆಲ್ಲ ಮುಗಿದ ಮೇಲೆ, ಬಾಡಿಗೆ ಕೋಣೆಯ ಮುಂಗಡ ಕೊಡಬೇಕಿರುವುದು ಮೊದಲನೇ ದಿನ.

ಹಿಂದಿನವರು ಇಷ್ಟೆಲ್ಲ ಅನುಕೂಲ ಕೇಳಿದ್ದರೇ, ಕಷ್ಟಪಟ್ಟೇ ಮೇಲೆ ಬರಲಿಲ್ಲವೇ ಎನ್ನುವ ವಾದವೂ ಇದೆ. ಆಗೆಲ್ಲ ಈ ಜಿಲ್ಲೆಯ ಇಬ್ಬರ ಹೆಸರು ಹೇಳುತ್ತಾರೆ. ಅವರ ಬದುಕೇ ಆ ವಾದಕ್ಕೆ ಉತ್ತರ ಕೊಡುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದುವ ಆಸೆಯಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದದ್ದನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿ ಬಡ ವಿದ್ಯಾರ್ಥಿಗಳ ನಿಲಯದ ಆಸರೆ ಸಿಕ್ಕಿದ್ದರಿಂದಲೇ ಓದು ಮುಂದುವರಿಯಿತು ಎಂಬುದನ್ನು ಕಡಿಮೆ ಹೇಳುತ್ತಾರೆ. ಓಹಿಯೊದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಅವರು ಬದುಕಿನ ಬಹುಭಾಗವನ್ನು ಬಸವನಗುಡಿ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಕಳೆದರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ಬಂದದ್ದು ಅವರಿಂದ, ಹಳ್ಳಿಯ ಹುಡುಗ ಓದಿಗಾಗಿ ಬೆಂಗಳೂರಿಗೆ ನಡೆಯುವುದು ತಪ್ಪಲೆಂದು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ, ಅದರ ಆಸರೆಯಲ್ಲಿ ನಿಂತವರು. ದೇಶದ ಇತಿಹಾಸದಲ್ಲೂ ಇದೇ ಕಾಣುತ್ತದೆ. ಅಂಬೇಡ್ಕರ್ ಕಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭಾ 1924ರಲ್ಲಿ ಹುಟ್ಟಿತು. ಮರುವರ್ಷವೇ ಸೋಲಾಪುರದಲ್ಲಿ ವಿದ್ಯಾರ್ಥಿನಿಲಯ ತೆರೆಯಿತು. ಶಾಲೆಗಳ ಬಾಗಿಲು ಕಾಗದದ ಮೇಲೆ ತೆರೆದಿದ್ದರೂ ಉಳಿಯುವ ಜಾಗವಿಲ್ಲದ ಮಗುವಿಗೆ ಅದು ಮುಚ್ಚಿದ ಬಾಗಿಲೇ ಎಂಬುದು ಅವರಿಗೆ ಗೊತ್ತಿತ್ತು.

ಸೀಟನ್ನೂ ಹಾಸಿಗೆಯನ್ನೂ ಒಟ್ಟಿಗೆ ಕೊಡುವುದು ಸರ್ಕಾರಕ್ಕೆ ಬರದ ವಿದ್ಯೆಯಲ್ಲ. ನವೋದಯ ವಿದ್ಯಾಲಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆಯ್ಕೆಯಾದ ಹನ್ನೊಂದರ ಮಗು ಮೊದಲ ದಿನ ಟ್ರಂಕು ಹಿಡಿದು ಹೋಗುತ್ತದೆ. ತರಗತಿ, ಊಟ, ಹಾಸಿಗೆ ಎಲ್ಲ ಒಂದೇ ಪ್ರವೇಶದಲ್ಲಿ. ಚಿಕ್ಕಬಳ್ಳಾಪುರದ ನಂದಿ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗೆ ಹಾಸ್ಟೆಲ್ ತೋರಿಸದೆ ಮಾನ್ಯತೆಯೇ ಸಿಗುವುದಿಲ್ಲ. ಭಾವಿ ವೈದ್ಯನಿಗೆ ಹಾಸ್ಟೆಲ್ ಓದಿನ ಭಾಗ ಎಂದು ಒಪ್ಪಿಕೊಂಡ ನಾವು, ಬಿ.ಎ., ಬಿ.ಕಾಂ. ಓದುವ ಮಗುವಿಗೆ ಅದೇ ಹಾಸಿಗೆಯನ್ನು ‘ಕಲ್ಯಾಣ’ ಎಂದು ಬೇರೆ ಕಡತಕ್ಕೆ ಹಾಕಿದ್ದೇವೆ. ವಸತಿ ಶಾಲೆಯಲ್ಲಿ ಓದಿ ಬಂದ ಅದೇ ಮಗುವನ್ನು ಹದಿನೆಂಟಕ್ಕೆ ಹೀಗೆ ನಡುದಾರಿಯಲ್ಲಿ ಇಳಿಸುವುದು ಅನ್ಯಾಯ.

ಅಧಿಕಾರಿಗಳು ಎತ್ತುವ ಆಕ್ಷೇಪಗಳಲ್ಲಿ ಒಂದಕ್ಕೆ ತೂಕವಿದೆ. ಸಿಇಟಿ ಸೀಟು ಹಂಚಿಕೆಯ ಸುತ್ತುಗಳು ಮುಗಿಯುವವರೆಗೆ ಪದವಿ ಕಾಲೇಜು ಬಿಟ್ಟು ಎಂಜಿನಿಯರಿಂಗ್, ನರ್ಸಿಂಗ್‌ಗೆ ಹೋಗುವವರು ಇದ್ದೇ ಇರುತ್ತಾರೆ. ಮೊದಲೇ ಹಾಸಿಗೆ ಕೊಟ್ಟರೆ ನಡುವೆ ಖಾಲಿಯಾಗುತ್ತದೆ. ನಿಜ. ಹಾಗೆಂದು ಉಳಿಯುವ ಬಹುಮಂದಿಯನ್ನು ಹೊರಗೆ ಕಾಯಿಸುವುದು ಪರಿಹಾರವಲ್ಲ. ಕಾಲೇಜು ಪ್ರವೇಶದ ದಿನವೇ ತಾತ್ಕಾಲಿಕ ಹಾಸಿಗೆ ಕೊಡಿ, ಅಂತಿಮ ಪಟ್ಟಿ ಬಂದಾಗ ಹೊಂದಿಸಿಕೊಳ್ಳಿ. ಬಿಟ್ಟುಹೋದವರ ಜಾಗವನ್ನು ಕಾಯುವ ಪಟ್ಟಿಯವರಿಂದ ತುಂಬಿ. ಕೊನೆಯ ವರ್ಷದವರು ಹೊರಟ ಮೇಲೆ ಆ ಹಾಸಿಗೆಗಳು ಹೇಗೂ ಖಾಲಿ ಇರುತ್ತವೆ. ಇಲಾಖೆಗಳ ಹಾಸ್ಟೆಲ್‌ಗಳನ್ನು ಒಂದುಗೂಡಿಸಿ ಎಂದು ನಾನು ಕೇಳುತ್ತಿಲ್ಲ. ಪರಿಶಿಷ್ಟರಿಗೂ ಹಿಂದುಳಿದವರಿಗೂ ಕಾದಿಟ್ಟ ಸೀಟುಗಳು ಅವರಿಗೇ ಇರಲಿ. ಒಂದಾಗಬೇಕಿರುವುದು ಅರ್ಜಿ ಮತ್ತು ದಿನಾಂಕ. ವಿದ್ಯಾರ್ಥಿ ಯುಯುಸಿಎಂಎಸ್‌ನಲ್ಲಿ ‘ಹಾಸ್ಟೆಲ್ ಬೇಕು’ ಎಂದು ಗುರುತು ಹಾಕಿದರೆ ವಿವರ ತಾನಾಗಿ ಆಯಾ ಇಲಾಖೆಗೆ ಹೋಗಬೇಕು. ಖರ್ಚಿನ ಮಾತೂ ಬರುತ್ತದೆ. ಆ ಹಾಸಿಗೆಯ ಕಟ್ಟಡ, ಅಡುಗೆಯವರು, ವಾರ್ಡನ್ ಎಲ್ಲದಕ್ಕೂ ಸರ್ಕಾರ ಈಗಾಗಲೇ ಹಣ ಕೊಡುತ್ತಿದೆ. ಹೆಚ್ಚುವರಿ ಬೀಳುವುದು ಕೆಲವು ವಾರಗಳ ಊಟ.

ತರಗತಿಯ ಕಡೆಯೂ ಇದೇ ತಡದ ಇನ್ನೊಂದು ಮುಖವಿದೆ. ಸರ್ಕಾರಿ ಪದವಿ ಕಾಲೇಜುಗಳ ಪಾಠ ನಿಂತಿರುವುದು ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ. ಅವರ ಆಯ್ಕೆ ತಡವಾದರೆ ಮಗು ಬಂದರೂ ಪಾಠ ಮಾಡುವವರಿಲ್ಲ. ಮನೆಯಲ್ಲಿ ತೆಲುಗೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಪದವಿಯಲ್ಲಿ ಇಂಗ್ಲಿಷ್ ಪುಸ್ತಕ ಎದುರಿಸುವ ನಮ್ಮ ಗಡಿ ಸೀಮೆಯ ಮಕ್ಕಳಿಗೆ ಮೊದಲ ತಿಂಗಳೇ ಹೆಚ್ಚು ಕಷ್ಟದ್ದು. ಹಾಸ್ಟೆಲ್‌ನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬ ಪಕ್ಕದಲ್ಲಿ ಕೂತು ತಮ್ಮದೇ ಮಾತಿನಲ್ಲಿ ಬಿಡಿಸಿ ಹೇಳಿದರೆ ಆ ಪುಟ ತೆರೆದುಕೊಳ್ಳುತ್ತದೆ. ಅಂಥ ಸಹಾಯ ಬಸ್ಸಿನಲ್ಲಿ ಸಿಗುವುದಿಲ್ಲ.

ತಾವು ಉನ್ನತ ಶಿಕ್ಷಣ ಸಚಿವರು; ಈ ಜಿಲ್ಲೆಯ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯ ಅಧ್ಯಕ್ಷತೆ ವಹಿಸುವವರೂ ತಾವೇ. ಕಾಲೇಜಿನ ಪ್ರಾಂಶುಪಾಲರು, ಹಾಸ್ಟೆಲ್ ನಡೆಸುವ ಇಲಾಖೆಗಳ ಜಿಲ್ಲಾ ಅಧಿಕಾರಿಗಳು, ಸಾರಿಗೆ ವಿಭಾಗದವರು ಎಲ್ಲರನ್ನೂ ಒಂದೇ ಮೇಜಿಗೆ ಕರೆಯುವ ಅಧಿಕಾರವೂ ಕಾಲೇಜುಗಳ ಇಲಾಖೆಯೂ ಬೇರೆ ಜಿಲ್ಲೆಗಳಲ್ಲಿ ಹೀಗೆ ಒಬ್ಬರ ಕೈಯಲ್ಲಿ ಕೂಡಿಲ್ಲ. ಇಡೀ ರಾಜ್ಯದ ತಂತ್ರಾಂಶ ಬದಲಾಗುವವರೆಗೆ ಕಾಯದೆ, ಬರುವ ಶೈಕ್ಷಣಿಕ ವರ್ಷಕ್ಕೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸರ್ಕಾರಿ ಕಾಲೇಜುಗಳಲ್ಲಿ ಇದನ್ನು ಮಾಡಿ ತೋರಿಸಿ. ಫಲಿತಾಂಶ ಬರುವ ಮೊದಲೇ ಪಿಯು ಕಾಲೇಜುಗಳಲ್ಲಿ ಜಾತಿ-ಆದಾಯ ಪ್ರಮಾಣಪತ್ರಗಳನ್ನು ಸಿದ್ಧಪಡಿಸಿ, ಪ್ರವೇಶದ ಕೌಂಟರಿನಲ್ಲೇ ಹಾಸ್ಟೆಲ್ ಸಿಬ್ಬಂದಿಯನ್ನೂ ಕೂರಿಸಿ. ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಹೊಸ ಆವರಣಕ್ಕೂ ಇದೇ ನಿಯಮವಾಗಲಿ: ಹಾಸ್ಟೆಲ್ ಸಿದ್ಧವಿಲ್ಲದೆ ಯಾವ ವಿಭಾಗದ ತರಗತಿಯೂ ಅಲ್ಲಿಗೆ ಹೋಗಬಾರದು. ಮುಂದಿನ ಕೆಡಿಪಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಹಾಸ್ಟೆಲ್ ತೆರೆಯುವ ದಿನಾಂಕವನ್ನು ತರಗತಿಯ ದಿನಾಂಕದ ಜೊತೆಗೇ ಪ್ರಕಟಿಸಬೇಕೆಂದು ತಮ್ಮಲ್ಲಿ ಕೇಳಿಕೊಳ್ಳುತ್ತೇನೆ.

ಇತಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ನಾಗರಿಕ