ನಮ್ಮ ಕಡತಕ್ಕೆ ಕನ್ನಡದ ಹೆಸರು ಬೇಡವೇ?

ಕನ್ನಡದ ತರುಣ ಮಿತ್ರರೇ,

ಕೆಲಸದ ಅರ್ಜಿ, ಅಂಕಪಟ್ಟಿ, ಬಾಡಿಗೆ ಕರಾರು ಎಂದು ದಿನವೂ ಒಂದಲ್ಲ ಒಂದು ತಾಣಕ್ಕೆ ಕಡತ ಏರಿಸುತ್ತೀರಿ. ಒಮ್ಮೆ ಆ ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟು ಏರಿಸಿ ನೋಡಿ. ಎಷ್ಟೋ ಕಡೆ ‘ಅಮಾನ್ಯ ಅಕ್ಷರ’ ಎಂಬ ಉತ್ತರ ಬರುತ್ತದೆ. ಕನ್ನಡದ ಅಕ್ಷರ ಅಮಾನ್ಯವೇ? ಈ ತೀರ್ಪು ಕೊಟ್ಟವರು ಯಾರು?

ಕಂಪ್ಯೂಟರಿಗೆ ಕನ್ನಡ ಬಾರದು ಎನ್ನುವುದು ಶುದ್ಧ ಸುಳ್ಳು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿದೆ. ಇಂದಿನ ವಿಂಡೋಸ್, ಲಿನಕ್ಸ್ ಎರಡೂ ಕನ್ನಡದ ಹೆಸರನ್ನು ಒಪ್ಪುತ್ತವೆ. ಒಪ್ಪದಿರುವುದು ತಂತ್ರಾಂಶ ಬರೆಯುವವರ ಅಸಡ್ಡೆ!

ಪೈಥಾನ್‌ನ ಫ್ಲಾಸ್ಕ್ ಬಳಸುವವರು ಹೆಸರು ಶುದ್ಧಿಗೆ ‘ಸೆಕ್ಯೂರ್ ಫೈಲ್‌ನೇಮ್’ ಎಂಬುದನ್ನು ಕರೆಯುತ್ತಾರೆ. ಅದು ಕನ್ನಡದ ಅಕ್ಷರಗಳನ್ನೆಲ್ಲ ಅಳಿಸುತ್ತದೆ. ‘ಅರ್ಜಿ’ ಎಂಬ ಪಿಡಿಎಫ್ ಏರಿಸಿದರೆ ‘ಪಿಡಿಎಫ್’ ಎಂಬ ಬಾಲ ಮಾತ್ರ ಉಳಿಯುತ್ತದೆ. ಅದೇ ಹೆಸರಲ್ಲಿ ಉಳಿಸುವ ತಾಣದಲ್ಲಿ ಇನ್ನೊಬ್ಬ ಕನ್ನಡಿಗ ಅರ್ಜಿ ಹಾಕಿದರೆ ನಿಮ್ಮದರ ಮೇಲೆ ಅವನದು ಕೂರುತ್ತದೆ. ನಿಮ್ಮ ಅರ್ಜಿ ಮಾಯ! ಇನ್ನು ಕೆಲವರು ‘ಅಕ್ಷರ ಮಾತ್ರ ಇರಲಿ’ ಎಂದು ಸೋಸುತ್ತಾರೆ. ಪೈಥಾನ್‌ನ ಆ ಸಾಮಾನ್ಯ ಜರಡಿಗೆ ನಮ್ಮ ಗುಣಿತ, ಒತ್ತು, ಅನುಸ್ವಾರದ ಚಿಹ್ನೆಗಳು ಅಕ್ಷರಗಳೇ ಅಲ್ಲ. ‘ಅಂಕಪಟ್ಟಿ’ ಹೋಗಿ ‘ಅಕಪಟಟ’ ಆಗುತ್ತದೆ. ‘ಕನ್ನಡ’ವೇ ‘ಕನನಡ’ವಾಗುತ್ತದೆ!

‘ಇದೆಲ್ಲ ಸುರಕ್ಷತೆಗಾಗಿ’ ಎನ್ನುತ್ತಾರೆ. ಹೆಸರಿನೊಳಗೆ ಚುಕ್ಕಿ, ಓರೆಗೆರೆ ತೂರಿಸಿ ಬೇರೆ ಫೋಲ್ಡರಿಗೆ ನುಗ್ಗುವ ಕಳ್ಳರಿರುವುದು ನಿಜ. ಹಾಗಾದರೆ ಓರೆಗೆರೆಯನ್ನು ತಡೆಯಿರಿ. ‘ಅ’ ಏನು ತಪ್ಪು ಮಾಡಿತು?

ದಾರಿ ಸುಲಭವಿದೆ. ಸರ್ವರಿನಲ್ಲಿ ಪ್ರತಿ ಕಡತಕ್ಕೂ ಯಂತ್ರವೇ ಒಂದು ಗುರುತಿನ ಸಂಖ್ಯೆ ಕೊಡಲಿ. ವರ್ಷ, ತಿಂಗಳ ಫೋಲ್ಡರುಗಳಲ್ಲಿ ಜೋಡಿಸಲಿ. ಆಗ ಕಳ್ಳನಿಗೂ ದಾರಿಯಿಲ್ಲ, ಒಂದರ ಮೇಲೊಂದು ಕೂರುವ ಭಯವೂ ಇಲ್ಲ. ಬಳಕೆದಾರ ಇಟ್ಟ ಹೆಸರು ಡೇಟಾಬೇಸಿನಲ್ಲಿ ಇದ್ದ ಹಾಗೆಯೇ ಇರಲಿ. ಇಳಿಸಿಕೊಳ್ಳುವಾಗ ಆ ಹೆಸರನ್ನೇ ಬ್ರೌಸರಿಗೆ ತಿಳಿಸುವ ಕ್ರಮ 2011ರ ಆರ್‌ಎಫ್‌ಸಿ 6266ರಲ್ಲೇ ಇದೆ. ಉದ್ದಕ್ಕೆ ಮಿತಿ ಹಾಕುವಾಗ ಮಾತ್ರ ಎಚ್ಚರ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಲಿನಕ್ಸಿನಲ್ಲಿ ಸಾಮಾನ್ಯವಾಗಿರುವ 255 ಬೈಟಿನ ಮಿತಿಯೊಳಗೆ 85 ಸಂಕೇತಗಳಷ್ಟೇ ಹಿಡಿಯುತ್ತವೆ, ಅದರಲ್ಲಿ ಒತ್ತು, ಗುಣಿತವೂ ಲೆಕ್ಕಕ್ಕೆ ಬರುತ್ತವೆ.

ಗೆಳೆಯರೇ, ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಆದರೆ ಈ ತಂತ್ರಾಂಶ ಬರೆಯುವವರಲ್ಲಿ ನಮ್ಮವರೂ ಇದ್ದಾರೆ, ನೀವೂ ಇರಬಹುದು! ಹೊರಗಿನವರನ್ನು ಬೈಯುವ ಮುನ್ನ ನಿಮ್ಮ ಕೈಯಲ್ಲಿರುವ ಕೋಡನ್ನು ಬಿಚ್ಚಿ ನೋಡಿ. ನಾಳೆಯ ಪರೀಕ್ಷೆಯಲ್ಲಿ ‘ಅಂಕಪಟ್ಟಿ’ ಎಂಬ ಒಂದು ಕಡತ ಸೇರಿಸಿ. ಅದು ಹೋದ ಹೆಸರಲ್ಲೇ ಮರಳಿ ಬರುವವರೆಗೆ ಬಿಡಬೇಡಿ.

ಕೋಡ್ ಬರೆಯದವರೂ ಸುಮ್ಮನಿರಬೇಡಿ. ಕನ್ನಡದಲ್ಲೇ ಹೆಸರಿಡಿ. ತಿರಸ್ಕರಿಸಿದರೆ ದೂರು ಕೊಡಿ, ಅದನ್ನೂ ಕನ್ನಡದಲ್ಲೇ ಕೊಡಿ. ಕೇಳದೆ ಇದ್ದರೆ ಯಾರೂ ಕೊಡುವುದಿಲ್ಲ!