48 ಬೈಟ್‌ನ ಚೌಕಾಸಿ



ನೆಟ್‌ವರ್ಕ್ ಮಾನದಂಡಗಳನ್ನು ದಕ್ಷತೆಯೊಂದನ್ನೇ ನೋಡಿ ರೂಪಿಸುತ್ತಾರೆಂದು ನಂಬುವವರು ಎಟಿಎಂ ಪ್ರೋಟೊಕಾಲ್ ಕಥೆ ಕೇಳಬೇಕು. ಇದು ದುಡ್ಡು ಕೊಡುವ ಎಟಿಎಂ ಅಲ್ಲ, ಮಾಹಿತಿಯನ್ನು ಚಿಕ್ಕ ಸೆಲ್‌ಗಳಾಗಿ ಸಾಗಿಸುವ ವಿಧಾನ. 1980ರ ದಶಕದ ಕೊನೆಯಲ್ಲಿ ಅಮೆರಿಕದವರು ಸೆಲ್‌ಗೆ 64 ಬೈಟ್ ಮಾಹಿತಿ ಇರಲಿ ಎಂದರು. ಯುರೋಪಿನವರು 32ಕ್ಕೆ ಪಟ್ಟು ಹಿಡಿದರು. ಸೆಲ್ ಕಿರಿದಾದರೆ ಫ್ರಾನ್ಸ್‌ನಂಥ ದೇಶಕ್ಕೆ ಕರೆಯ ಪ್ರತಿಧ್ವನಿ ತಡೆಯುವ ಉಪಕರಣಗಳ ಖರ್ಚು ಉಳಿಯುತ್ತಿತ್ತು. ಕೊನೆಗೆ ಸಂತೆಯ ಚೌಕಾಸಿಯಂತೆ ನಡುವಿನ 48 ಗೊತ್ತಾಯಿತು! ಹೆಡರ್‌ನ 5 ಬೈಟ್ ಸೇರಿ 53. ನಮ್ಮ ಹಳೆಯ ಡಿಎಸ್‌ಎಲ್ ಮೋಡೆಮ್‌ಗೆ 0/35 ಎಂದು ತುಂಬುತ್ತಿದ್ದೆವಲ್ಲ, ಅದು ಇದೇ ಎಟಿಎಂನ ಗುರುತು. 1500 ಬೈಟ್‌ನ ಪ್ಯಾಕೆಟ್ ಕನಿಷ್ಠ 32 ಸೆಲ್‌ಗಳಾಗಿ, 1696 ಬೈಟ್ ತೂಗುತ್ತ ಮನೆಗೆ ಬರುತ್ತಿತ್ತು. ಆ ಚೌಕಾಸಿಯ ಸುಂಕ ತೆತ್ತವರಲ್ಲಿ ನಾವೂ ಇದ್ದೆವು.

– ಓದುಗ, ಹಾಸನ